ಬೀಸುಕಲ್ಲಿನ ಮೇಲಿನ ತುತ್ತು

ಒಂದು ತುತ್ತು ರಾಣಿಗೆ, ಒಂದು ತುತ್ತು ತೃಪ್ತಿಗೆ. ಹೀಗೆ ಪಾಲು ಮಾಡದಿದ್ದರೆ ಆ ಹುಡುಗಿಯ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಅವಳಮ್ಮ ಶ್ರೀಲತಾ ಮೊಬೈಲಿನಲ್ಲಿ ಕುಣಿಯುವ ಮೊಲ ತೋರಿಸಿ ಸೋತಿದ್ದಳು, ಅಪ್ಪ ಪ್ರದೀಪ್ ಗುಮ್ಮ ಬರ್ತಾನೆ ಅಂತ ಹೆದರಿಸಿ ಸೋತಿದ್ದ. ಅಜ್ಜಿ ಹುಚ್ಚಮ್ಮ ಮಾತ್ರ ಬಟ್ಟಲು ಹಿಡಿದು, ಮೊಮ್ಮಗಳನ್ನು ಸೊಂಟಕ್ಕೇರಿಸಿ ಹಿತ್ತಲಿಗೆ ನಡೆದರೆ ಸಾಕು, ಬಟ್ಟಲು ಖಾಲಿಯಾಗಿಯೇ ಒಳಗೆ ಬರುತ್ತಿತ್ತು. ಆ ಖಾಲಿ ಬಟ್ಟಲನ್ನು ಸೊಸೆಯ ಮುಂದೆ ಟಣ್ ಅಂತ ಇಡುವುದರಲ್ಲಿ ಹುಚ್ಚಮ್ಮನಿಗೆ ಇದ್ದ ಖುಷಿ ಇನ್ಯಾವುದರಲ್ಲೂ ಇರಲಿಲ್ಲ.

ರಾಣಿ ಅಂದರೆ ಹಾವುರಾಣಿ. ಹಲ್ಲಿಯ ಜಾತಿಯದೇ, ಆದರೆ ಹಲ್ಲಿಗಿಂತ ದಪ್ಪ, ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುವ ಮೈ. ಅದಕ್ಕೆ ಹಾವಿಗಿಂತ ಹೆಚ್ಚು ವಿಷ ಅಂತ ಜನ ಕಂಡಲ್ಲಿ ಬಡಿಯುತ್ತಾರೆ. ವಿಷವೂ ಇಲ್ಲ, ಮಣ್ಣೂ ಇಲ್ಲ. ಹುಳ ಹಿಡಿದು ತಿಂದುಕೊಂಡು, ಬಿಸಿಲು ಕಾಯಿಸಿಕೊಂಡು, ಯಾರಾದರೂ ಕೆಮ್ಮಿದರೆ ಕಲ್ಲಿನ ಸಂದಿಗೆ ನುಗ್ಗುವ ಬಡಪ್ರಾಣಿ ಅದು. ಹುಚ್ಚಮ್ಮನ ಹಿತ್ತಲಲ್ಲಿದ್ದುದು ಹಾಗೆ ನುಗ್ಗುತ್ತಲೂ ಇರಲಿಲ್ಲ. ಬಾಲ ಒಮ್ಮೆ ತುಂಡಾಗಿ ಮತ್ತೆ ಮೊಂಡಾಗಿ ಬೆಳೆದಿದ್ದರಿಂದ ಗುರುತು ಹಿಡಿಯುವುದು ಸುಲಭ. ಬೀಸುಕಲ್ಲಿನ ಮೇಲೆ ಅನ್ನದ ಅಗುಳು ಬಿದ್ದ ಕೂಡಲೇ ನುಗ್ಗೆಮರದ ಬುಡದಿಂದ ಸರಸರ ಬಂದು, ತಲೆಯೆತ್ತಿ ಒಮ್ಮೆ ಹುಡುಗಿಯನ್ನು ನೋಡಿ, ಅಗುಳು ಕಚ್ಚಿಕೊಳ್ಳುತ್ತಿತ್ತು.

"ರಾಣಿ ಉಂಡ್ಲು. ಈಗ ಯಾರ ಪಾಳಿ?" ಅಂತ ಅಜ್ಜಿ ಕೇಳಬೇಕು. "ನಂದು!" ಅಂತ ತೃಪ್ತಿ ಬಾಯಿ ಅಗಲಿಸಬೇಕು.

ಈ ಹುಚ್ಚಮ್ಮನಿಗೆ ಹೆಸರು ಬಂದದ್ದು ಶಿಕಾರಿಪುರದ ಹುಚ್ಚರಾಯಸ್ವಾಮಿಯಿಂದ. ಅವಳವ್ವ ಅಲ್ಲಿ ಹರಕೆ ಹೊತ್ತು ಹೆತ್ತಿದ್ದಳು. ಹೆಸರು ಹುಚ್ಚಮ್ಮನಾದರೂ ತಲೆ ನೆಟ್ಟಗಿರುವ ಹೆಂಗಸು ಅಂದರೆ ಆ ಕೇರಿಯಲ್ಲಿ ಅವಳೇ. ತವರು ಕುಬಟೂರು, ಕೊಟ್ಟದ್ದು ಸೊರಬದ ಆಚೆಯ ಈ ಹಳ್ಳಿಗೆ. ಗಂಡ ಶೇಷಪ್ಪ ಗದ್ದೆ ನೋಡಿಕೊಳ್ಳುವವನು, ಮಾತು ಕಡಿಮೆ, ಕುಟುಕುವುದು ಜಾಸ್ತಿ. ಮದುವೆಯಾಗಿ ಬಂದ ವರ್ಷ ಅತ್ತೆ ಒಂದು ರೂಢಿ ಹೇಳಿಕೊಟ್ಟಿದ್ದಳು: ಅನ್ನ ಬಸಿದ ಮೇಲೆ ಮೊದಲ ಹಿಡಿ ಹಿತ್ತಲಿನ ಒಡಕು ಬೀಸುಕಲ್ಲಿನ ಮೇಲೆ ಇಡಬೇಕು, ಆಮೇಲೆ ಮನೆಯವರಿಗೆ. ಯಾರಿಗೆ ಅಂತ ಸೊಸೆ ಕೇಳಿದಾಗ ಅತ್ತೆ, "ಬಂದೋರಿಗೆ" ಅಂದಿದ್ದಳಂತೆ. ಅಷ್ಟೇ. ಅತ್ತೆ ಸತ್ತಳು, ಮನೆಗೆ ಗ್ಯಾಸ್ ಬಂತು, ಕುಕ್ಕರ್ ಬಂದು ಅನ್ನ ಬಸಿಯುವುದೇ ನಿಂತಿತು. ಬೀಸುಕಲ್ಲಿನ ಹಿಡಿ ಮಾತ್ರ ತಪ್ಪಲಿಲ್ಲ.

ಬರುವವರೇನು ಕಡಿಮೆಯೇ! ಅಳಿಲು, ಕೆಂಬೂತ, ಒಂದು ಜೊತೆ ಮುಂಗುಸಿ, ಹಾವುರಾಣಿ. ಬೇಲಿಯ ಮೇಲೆ ಒಂದು ಓತಿಕ್ಯಾತ ಕೂತು ಹೌದು ಹೌದು ಅಂತ ತಲೆಯಾಡಿಸುತ್ತಿತ್ತು, ಆದರೆ ಅದು ಅನ್ನಕ್ಕೆ ಬಾಯಿ ಇಡುತ್ತಿರಲಿಲ್ಲ, ಇರುವೆ ಹಿಡಿದುಕೊಂಡು ದೂರವೇ ಇರುತ್ತಿತ್ತು. ಅದಕ್ಕೆ ಹುಚ್ಚಮ್ಮ "ಜಂಬದ ಕೋಳಿ" ಅಂತ ಹೆಸರಿಟ್ಟಿದ್ದಳು. ಕತ್ತಲಾದ ಮೇಲೆ ಉಳಿದದ್ದಕ್ಕೆ ಇಲಿಗಳು ಬರುತ್ತಿದ್ದವು. ಶೇಷಪ್ಪ, "ಊರಿಗೆಲ್ಲ ಊಟ ಹಾಕ್ತಾಳೆ, ಗಂಡಂಗೆ ಮಾತ್ರ ತಂಗಳು" ಅಂತ ಗೊಣಗುತ್ತಿದ್ದ. ಪಕ್ಕದ ಮನೆಯ ಈಶ್ವರಮ್ಮ ಬೇಲಿ ಆಚೆಯಿಂದ, ತನ್ನ ಬದನೆ ಸಸಿ ಯಾರು ತಿಂದರು ಅಂತ ಜಗಳ ತೆಗೆದಾಗ ಹುಚ್ಚಮ್ಮ, "ನಮ್ಮವು ಅಂಥವಲ್ಲ ತಗಾ" ಅಂದದ್ದಕ್ಕೆ, "ಆಹಾ, ಓತಿಕ್ಯಾತಕ್ಕೆ ಬೇಲಿ ಸಾಕ್ಷಿ!" ಅಂತ ಮೂತಿ ತಿರುವಿದ್ದಳು.

ಎಲ್ಲ ಕೆಟ್ಟದ್ದು ಒಂದು ಹಾವಿನಿಂದ.

ಶ್ರೀಲತಾ ಬಚ್ಚಲ ಹಿಂದೆ ಸೌದೆ ತರಲು ಹೋದವಳು ಕಿಟಾರನೆ ಕಿರುಚಿ ಓಡಿಬಂದಳು. ಸೌದೆ ಒಟ್ಟಿಲ ಕೆಳಗೆ ಉದ್ದನೆಯದು ಹರಿದುಹೋಗಿತ್ತು. ಶೇಷಪ್ಪ ಕೋಲು ಹಿಡಿದು ಹೋಗಿ ನೋಡಿ, ಕೋಲು ಕೆಳಗಿಟ್ಟು ಬಂದ.

"ಕೇರೆ ಹಾವು ಕಣೇ ಅದು. ಇಲಿ ತಿನ್ನಾಕೆ ಬಂದದೆ. ಅದರ ಪಾಡಿಗೆ ಹೋತದೆ ಬಿಡು."

"ಕೇರೆನೋ ನಾಗರನೋ, ಮಗೂಗೆ ಏನ್ ಗೊತ್ತಾಗುತ್ರಿ ಮಾವ?" ಶ್ರೀಲತಾ ಶಿಕಾರಿಪುರದ ಕಡೆಯ ಹುಡುಗಿ, ಮಾತು ಬಿರುಸು. "ದಿನಾ ಆ ಕಲ್ಲಿನ ಹತ್ರ ಕುಂಡ್ರಿಸಿ ಉಣಿಸ್ತೀರಿ. ಅನ್ನ ಚೆಲ್ಲಿದ್ರೆ ಇಲಿ ಬರ್ತಾವು, ಇಲಿ ಬಂದ್ರೆ ಹಾವು ಬರ್ತೈತಿ. ಅತ್ತೆ, ನಾ ನಿಮಗ ಎದುರು ಮಾತಾಡ್ತೀನಿ ಅನ್ಕೋಬ್ಯಾಡ್ರಿ. ಹಿತ್ತಲು ಸರಿಮಾಡೋ ತನಕ ನಾ ತೃಪ್ತೀನ ಕರ್ಕೊಂಡು ನಮ್ಮವ್ವನ ಮನೆಗೆ ಹೋಗಿರ್ತೀನ್ರಿ."

ಬೇರೆ ಯಾರಾದರೂ ಆಗಿದ್ದರೆ ಹುಚ್ಚಮ್ಮ ನಾಲ್ಕು ಮಾತು ಝಾಡಿಸುತ್ತಿದ್ದಳು. ಅವತ್ತು ಅವಳಿಗೆ ತವರಿನ ನೆನಪು ನುಗ್ಗಿತು. ಚಿಕ್ಕವಳಿದ್ದಾಗ ಕುಬಟೂರಿನಲ್ಲಿ ಅವಳ ತಮ್ಮನನ್ನು ಹಾವು ಕಚ್ಚಿತ್ತು. ಹುಲ್ಲು ಬಣವೆಯ ಹಿಂದೆ ಅಡಗಿಕೊಂಡು "ಕೂ" ಅಂದಿದ್ದ. ಇವಳು ಹುಡುಕಿಕೊಂಡು ಹೋದಾಗ ಕಾಲು ಹಿಡಿದು ಕೂತಿದ್ದ. ಔಷಧಿ ಕೊಡುವವನ ಮನೆ ಮುಟ್ಟುವುದರೊಳಗೆ ಬಾಯಲ್ಲಿ ನೊರೆ ಬಂದು ಹೋಗಿಬಿಟ್ಟಿದ್ದ. ಆ ಬಾಯಿ ಹುಚ್ಚಮ್ಮನ ಕಣ್ಣಿಂದ ಯಾವತ್ತೂ ಹೋಗಿರಲಿಲ್ಲ. ಈಗ ಆ ಬಾಯಿಯ ಜಾಗದಲ್ಲಿ ತೃಪ್ತಿಯ ಬಾಯಿ ಕಾಣತೊಡಗಿತು. ಜೊತೆಗೆ ಸೊಸೆ ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟರೆ? ತುತ್ತು ಇಡಲು ಮಗುವಿಲ್ಲದ ಮನೆಯಲ್ಲಿ ಅವಳಿಗೇನು ಕೆಲಸ?

"ಎಲ್ಲಿಗೂ ಹೋಗ್ಬೇಡ ಮಾರಾಯ್ತಿ. ಇಲಿ ತಾನೆ? ಅದರ ಕತೆ ನಾನು ನೋಡ್ತೀನಿ" ಅಂದಳು.

ಸೊರಬದ ಪೇಟೆಯಲ್ಲಿ ಒಂದು ಅಂಗಡಿಗೆ ಹೋಗಿ ಇಲಿ ಪಾಷಾಣ ಕೇಳಿದಳು. ಅಂಗಡಿಯವನು ಕರಿ ಪುಡಿಯ ಪೊಟ್ಟಣ ಮುಂದಿಟ್ಟು ಬುದ್ಧಿ ಹೇಳಿದ: "ಸೀದಾ ಇದನ್ನ ಇಡ್ಬೇಡಿ ಅಮ್ಮ. ಇಲಿ ಭಾಳ ಕಿಲಾಡಿ. ಮೊದ್ಲು ಬರೀ ಅನ್ನ ಇಡಿ, ಒಂದೇ ಜಾಗದಾಗೆ ಇಡಿ. ತಿಂದು ತಿಂದು ರೂಢಿ ಆಗ್ಬೇಕು, ನಂಬಿಕೆ ಬರ್ಬೇಕು. ಆಮೇಲೆ ಇದನ್ನ ಕಲಸಿ."

ರೂಢಿ ಮಾಡಿಸುವುದನ್ನು ಹುಚ್ಚಮ್ಮನಿಗೆ ಹೇಳಿಕೊಡಬೇಕೆ! ಅವಳು ಆ ಮನೆಗೆ ಬಂದಂದಿನಿಂದ ಮಾಡಿದ್ದೇ ಅದು. ಬಸ್ಸಿನಲ್ಲಿ ಕೂತು ಅದನ್ನೇ ನೆನೆಸಿಕೊಂಡು ಒಂಥರಾ ಆಯಿತು ಅವಳಿಗೆ. ಆದರೆ ಪೊಟ್ಟಣವನ್ನು ಕಿಟಕಿಯಿಂದ ಎಸೆಯಲಿಲ್ಲ.

ಅದೇ ವಾರ ಭೂಮಿ ಹುಣ್ಣಿಮೆ. ತೆನೆ ಹೊತ್ತ ಗದ್ದೆ ಬಸುರಿ ಹೆಂಗಸಿದ್ದ ಹಾಗೆ, ಅವಳಿಗೆ ಬಯಕೆ ಊಟ ಬಡಿಸುವ ಹಬ್ಬ. ಹುಚ್ಚಮ್ಮ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದಳು. ಹಿತ್ತಲು, ಬೇಲಿ ಎಲ್ಲ ಸುತ್ತಿ ಸಿಕ್ಕಸಿಕ್ಕ ಸೊಪ್ಪು ಕೊಯ್ದು ತಂದು, ಅನ್ನದ ಜೊತೆ ಬೇಯಿಸಿ ಚರಗ ಮಾಡಿದಳು. ಇಡೀ ರಾತ್ರಿ ಒಲೆ ಮುಂದೆಯೇ ಕಳೆಯಿತು. ಬೆಳಕು ಹರಿಯುವ ಮುಂಚೆ ಶೇಷಪ್ಪ ಬುಟ್ಟಿ ಹೊತ್ತ, ಎಲ್ಲರೂ ಗದ್ದೆಗೆ ಹೋದರು. ಭೂಮ್ತಾಯಿ ಉಣ್ಣಲಿ ಅಂತ ಕೂಗುತ್ತ ಚರಗ ಚೆಲ್ಲಿದರು. ಹಕ್ಕಿಗೂ ಅದೇ, ಹುಳಕ್ಕೂ ಅದೇ, ಇಲಿಗೂ ಅದೇ. ಆವತ್ತು ಉಣ್ಣುವವರಲ್ಲಿ ಬೇಡವಾದವರು ಅಂತ ಯಾರೂ ಇಲ್ಲ. ತೃಪ್ತಿ ಕೂಡ ಪುಟ್ಟ ಕೈಯಲ್ಲಿ ಚೆಲ್ಲಿ, "ಇದು ರಾಣಿಗೆ, ಇದು ರಾಣಿ ಅಮ್ಮಂಗೆ, ಇದು ರಾಣಿ ಅಜ್ಜಿಗೆ" ಅಂತ ಬದುವಿನ ಮೇಲೆ ಕುಣಿದಳು.

ಸಂಜೆ ಬುಟ್ಟಿಯ ತಳದಲ್ಲಿ ಚರಗ ಉಳಿದಿತ್ತು. ಸೌದೆ ಸಂದಿಯಲ್ಲಿ ಇಲಿಗಳ ಕಿಚಪಿಚ ಕೇಳಿ ಶ್ರೀಲತಾ ಅತ್ತೆಯ ಮುಖ ನೋಡಿದಳು. ಹುಚ್ಚಮ್ಮ ಎದ್ದಳು. ಸೊಪ್ಪಿನ ವಾಸನೆಯಲ್ಲಿ ಪಾಷಾಣದ ವಾಸನೆ ಮುಚ್ಚಿಹೋಗುತ್ತದೆ ಅನ್ನಿಸಿತು. ಉಳಿದ ಚರಗಕ್ಕೇ ಕರಿ ಪುಡಿ ಸುರಿದು, ಕಡ್ಡಿಯಲ್ಲಿ ಕಲಸಿ, ಬೀಸುಕಲ್ಲಿನ ಮೇಲೆ ಇಟ್ಟಳು. ಬೇರೆ ಜಾಗದಲ್ಲಿ ಇಟ್ಟರೆ ಇಲಿ ನಂಬಬೇಕಲ್ಲ! ರಾಣಿಯ ಯೋಚನೆ ಅವಳಿಗೆ ಬರಲಿಲ್ಲ ಅಂತಲ್ಲ. ಇಲಿ ತಿನ್ನುವುದು ಕತ್ತಲಲ್ಲಿ, ಹಾವುರಾಣಿ ಏಳುವುದು ಕಲ್ಲು ಬಿಸಿಯಾದ ಮೇಲೆ. ನಸುಕಿಗೇ ಎದ್ದು ಕಲ್ಲು ತೊಳೆದುಬಿಟ್ಟರಾಯಿತು ಅಂದುಕೊಂಡಳು. ಅವಳು ಯಾವತ್ತು ಕೋಳಿ ಕೂಗಿದ ಮೇಲೆ ಮಲಗಿದ್ದಳು?

"ನಸುಕಿಗೇ ತೆಗೀತೀನಿ. ಯಾರಿಗೂ ಎಂತದೂ ಆಗಲ್ಲ" ಅಂತ ಬಾಗಿಲು ಹಾಕುತ್ತ ಹೇಳಿಕೊಂಡಳು. ಗೋಡೆಯ ಮೇಲಿನ ಹಲ್ಲಿ ಲೊಚ್ ಲೊಚ್ ಅಂದಿತು. "ನೋಡು, ಸತ್ಯ ನುಡೀತು" ಅಂತ ಹುಚ್ಚಮ್ಮ ಬಾಗಿಲ ಹಲಗೆಗೆ ಬೆರಳ ಗೆಣ್ಣಿನಿಂದ ತಟ್ಟಿ "ಕೃಷ್ಣ ಕೃಷ್ಣ" ಅಂದಳು.

ಹಿಂದಿನ ರಾತ್ರಿಯೆಲ್ಲ ಒಲೆಯ ಮುಂದೆ ಕೂತ ದೇಹ. ಹಾಳು ನಿದ್ದೆ! ಬದುಕಿನಲ್ಲಿ ಒಂದೇ ಒಂದು ಬೆಳಿಗ್ಗೆ ಅವಳನ್ನು ಅದುಮಿ ಹಿಡಿಯಿತು. ಶ್ರೀಲತಾ ಅತ್ತೆ ದಣಿದಿದ್ದಾರೆ ಅಂತ ಎಬ್ಬಿಸಲಿಲ್ಲ. ಮಗು ಎದ್ದು ಅಜ್ಜಿಯ ಹಾಸಿಗೆಯ ಕಡೆ ಹೋದದ್ದನ್ನು ನೋಡಿ, ಅಲ್ಲೇ ಮಲಗಿದ್ದಾಳೆ ಅಂದುಕೊಂಡು ದೋಸೆಗೆ ಕೂತಳು.

ಹುಚ್ಚಮ್ಮ ಕಣ್ಣು ಬಿಟ್ಟಾಗ ಬಿಸಿಲು ಹೆಂಚಿನ ಸಂದಿಯಿಂದ ಇಳಿದು ಅವಳ ಕಾಲ ಮೇಲಿತ್ತು. ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಸೆರಗೂ ಸರಿಮಾಡಿಕೊಳ್ಳದೆ ಹಿತ್ತಲಿಗೆ ಓಡಿದಳು.

ತೃಪ್ತಿ ಬೀಸುಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಕಲ್ಲಿನ ಮೇಲೆ ರಾಣಿ ಅಂಗಾತ ಬಿದ್ದಿತ್ತು. ಬಿಳಿ ಹೊಟ್ಟೆ ಮೇಲೆ, ಮೊಂಡು ಬಾಲ ಮಾತ್ರ ಅದುರುತ್ತಿತ್ತು. ಮಗುವಿನ ಒಂದು ಕೈ ಅದರ ಬಾಯಿಯ ಹತ್ತಿರ ಅನ್ನ ಹಿಡಿದಿತ್ತು. ಇನ್ನೊಂದು ಕೈಯಲ್ಲೂ ಅನ್ನವಿತ್ತು.

"ಅಜ್ಜಿ, ರಾಣಿ ಉಣ್ತಾ ಇಲ್ಲ" ಅಂದಳು ತೃಪ್ತಿ. "ಈಗ ನನ್ ಪಾಳಿ." ಕೈ ಬಾಯಿಗೆ ಹೋಯಿತು.

ಹುಚ್ಚಮ್ಮ ಹಾರಿ ಬಿದ್ದು ಆ ಕೈಗೆ ಬಾರಿಸಿದಳು. ಜೀವಮಾನದಲ್ಲಿ ಆ ಮಗುವಿನ ಮೇಲೆ ಎತ್ತದ ಕೈ ಅದು. ಅನ್ನ ಸಿಡಿಯಿತು. ಮಗುವನ್ನು ನೆಲಕ್ಕೆ ಕೆಡವಿ, ದವಡೆ ಅದುಮಿ, ಬಾಯೊಳಗೆ ಎರಡು ಬೆರಳು ತುರುಕಿ ನಾಲಿಗೆ, ವಸಡು, ಗಂಟಲು ಎಲ್ಲ ಕೆರೆದಳು. "ಉಗುಳೇ! ಉಗುಳು! ಉಗುಳು ಅಂದ್ರೆ!" ಮಗು ಉಸಿರುಗಟ್ಟಿ ಒದ್ದಾಡಿತು, ಹಲ್ಲು ತಾಗಿ ಅಜ್ಜಿಯ ಬೆರಳಲ್ಲಿ ರಕ್ತ ಬಂತು. ಒದ್ದಾಡುತ್ತಲೇ ಅದು ಕಲ್ಲಿನ ಕಡೆ ನೋಡುತ್ತಿತ್ತು. ರಾಣಿಯ ಬಾಲ ಅದುರುವುದು ಆಗಲೇ ನಿಂತಿತ್ತು.

ಸೊರಬದ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿ ಹೊಟ್ಟೆ ತೊಳೆದರು. ಸಂಜೆಯ ತನಕ ಮಲಗಿಸಿಕೊಂಡು, "ಒಳಗೆ ಏನೂ ಹೋಗಿಲ್ಲ, ದೇವರು ದೊಡ್ಡೋನು, ಕರ್ಕೊಂಡು ಹೋಗಿ" ಅಂದರು. ಮಗ ಪ್ರದೀಪ್ ತಾಯಿಯ ಕಡೆ ತಿರುಗದೆ ಬಿಲ್ಲು ಕಟ್ಟಲು ಹೋದ. ಶ್ರೀಲತಾ ಮಗುವನ್ನು ಎದೆಗೆ ಒತ್ತಿಕೊಂಡು, "ನಾನೇ ಹೇಳಿ ಮಾಡಿಸಿದಂಗಾತಲ್ರಿ ಅತ್ತೆ" ಅಂತ ಅತ್ತಳು. ಸೊಸೆ ಬೈದಿದ್ದರೆ ಹುಚ್ಚಮ್ಮ ತಿರುಗಿ ಬೈದು ಹಗುರಾಗುತ್ತಿದ್ದಳೋ ಏನೋ. ಆ ಒಂದು ಮಾತಿನಿಂದ ಅದಕ್ಕೂ ದಾರಿ ಇಲ್ಲದಂತಾಯಿತು.

ಮರುದಿನ ಶೇಷಪ್ಪ ಹಾರೆ ಹಿಡಿದು ಹಿತ್ತಲಲ್ಲಿ ಗುಂಡಿ ತೋಡಿದ. ನುಗ್ಗೆ ಬುಡದಲ್ಲಿ ಅಳಿಲು, ತೊಟ್ಟಿಯ ಪಕ್ಕ ನೀರಿಗೆ ಮೂತಿ ಚಾಚಿಕೊಂಡೇ ಸತ್ತ ಒಂದು ಮುಂಗುಸಿ, ಬಾಳೆಯ ಹಿಂದೆ ರೆಕ್ಕೆ ಹರಡಿದ ಕೆಂಬೂತ. ಇಲಿಗಳೂ ಸತ್ತಿದ್ದವು. ಎಲ್ಲವನ್ನೂ ಒಟ್ಟಿಗೇ ಹಾಕಿದ. ಕೊನೆಗೆ ರಾಣಿಯನ್ನು ಹುಚ್ಚಮ್ಮ ತಾನೇ ಎಲೆಯಲ್ಲಿ ಎತ್ತಿ ತಂದಳು. ಹಿತ್ತಾಳೆಯ ಹೊಳಪೆಲ್ಲ ಹೋಗಿ ಮಣ್ಣಿನ ಬಣ್ಣವಾಗಿತ್ತು. ಬೇಲಿಯ ಮೇಲೆ ಓತಿಕ್ಯಾತ ಮಾತ್ರ ಎಂದಿನಂತೆ ತಲೆಯಾಡಿಸುತ್ತ ಕೂತಿತ್ತು. ಅದು ಅವಳ ಅನ್ನ ತಿಂದಿರಲಿಲ್ಲ, ಅದಕ್ಕೇ ಬದುಕಿತ್ತು.

"ನಂಬಿ ಬಂದಿದ್ವು ಕಣೋ" ಅಂದಳು ಗಂಡನಿಗೆ. ಅವನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಶೇಷಪ್ಪ ಕುಟುಕಲಿಲ್ಲ. ಮಣ್ಣೆಳೆದು ತುಳಿದ.

ಕೆಲವು ದಿನ ಕಳೆಯುವುದರೊಳಗೆ ಇಲಿಗಳು ಮತ್ತೆ ಬಂದವು. ಅವುಗಳಿಗೇನು, ಹೊಸ ಸಂಸಾರ. ಕೇರೆ ಹಾವೂ ಒಮ್ಮೆ ಕಾಣಿಸಿತು ಅಂತ ಈಶ್ವರಮ್ಮ ಹೇಳಿದಳು. ಅಳಿಲು, ಕೆಂಬೂತ, ಮುಂಗುಸಿ ಮಾತ್ರ ಮತ್ತೆ ಆ ಕಡೆ ಸುಳಿಯಲಿಲ್ಲ. ಹುಚ್ಚಮ್ಮ ಬೀಸುಕಲ್ಲನ್ನು ಸೀಗೆಪುಡಿ ಹಾಕಿ ತಿಕ್ಕಿದಳು, ಸಗಣಿ ನೀರು ಚಿಮುಕಿಸಿದಳು, ಮತ್ತೆ ಮೊದಲ ಹಿಡಿ ಇಟ್ಟಳು. ಅನ್ನ ಬಿಸಿಲಿಗೆ ಒಣಗಿ ಅಕ್ಕಿಯಾಗಿ ಅಲ್ಲೇ ಇರುತ್ತಿತ್ತು. ಇಲಿಗಳು ಏಳುವ ಮುಂಚೆ ಅದನ್ನು ದಿನಾ ತೆಗೆದು ದಿನಾ ಹೊಸದು ಇಡುತ್ತಿದ್ದಳು. ಶೇಷಪ್ಪ ನೋಡಲಾರದೆ ಬೇರೆ ಕಡೆ ತಿರುಗುತ್ತಿದ್ದ.

ಅದನ್ನಾದರೂ ತಡೆದುಕೊಂಡಾಳು. ತಡೆಯಲಾರದ್ದು ಒಳಗಿತ್ತು. ತೃಪ್ತಿ ಅಜ್ಜಿಯ ಕೈಯಿಂದ ಒಂದು ಅಗುಳೂ ಮುಟ್ಟುತ್ತಿರಲಿಲ್ಲ. ಮಗು ಅಜ್ಜಿಯ ಹತ್ತಿರ ಬರುತ್ತಿತ್ತು, ತೊಡೆಯ ಮೇಲೆ ಮಲಗುತ್ತಿತ್ತು, ಜಡೆ ಹಾಕಿಸಿಕೊಳ್ಳುತ್ತಿತ್ತು. ಹುಚ್ಚಮ್ಮ ಬಟ್ಟಲು ಎತ್ತಿದ ಕೂಡಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಮ್ಮನ ಹಿಂದೆ ಸೇರುತ್ತಿತ್ತು. ಬೆಲ್ಲದ ಚೂರು ಕೊಟ್ಟರೂ ಇಲ್ಲ, ಬಿಸ್ಕತ್ತು ಕೊಟ್ಟರೂ ಇಲ್ಲ. ಶ್ರೀಲತಾ ಮೊಬೈಲು ಹಿಡಿದು ಉಣಿಸುತ್ತಿದ್ದಳು. ಮಗು ಕುಣಿಯುವ ಮೊಲವನ್ನು ನೋಡುತ್ತ, ಏನು ತಿಂದೆ ಅನ್ನುವುದೂ ತಿಳಿಯದೆ ನುಂಗುತ್ತಿತ್ತು. ಕೈಗಳು ಕಡ್ಡಿಯಾಗಿದ್ದವು. "ಮಕ್ಕಳು ಮರೀತಾವು ಬಿಡ್ರಿ ಅತ್ತೆ" ಅನ್ನುತ್ತಿದ್ದಳು ಸೊಸೆ. ಹುಚ್ಚಮ್ಮ ತಮ್ಮನ ಬಾಯಿಯ ನೊರೆಯನ್ನು ಇವತ್ತಿಗೂ ಮರೆತಿರಲಿಲ್ಲ.

ಒಂದು ಮಧ್ಯಾಹ್ನ ಶ್ರೀಲತಾ ಜ್ವರದಲ್ಲಿ ಮಲಗಿದ್ದಳು. ಬೆಳಿಗ್ಗೆಯಿಂದ ಕರೆಂಟಿಲ್ಲ, ಮೊಬೈಲು ಸತ್ತು ಬಿದ್ದಿತ್ತು. ಮಗು ಹಸಿವಿಗೆ ಕುಂಯ್ ಕುಂಯ್ ಅನ್ನುತ್ತ ಮನೆ ತುಂಬ ತಿರುಗುತ್ತಿತ್ತು. ಹುಚ್ಚಮ್ಮ ಅನ್ನಕ್ಕೆ ತುಪ್ಪ, ತಿಳಿಸಾರು ಹಾಕಿ ಮೃದುವಾಗಿ ಕಲಸಿದಳು. ಹಿತ್ತಲ ಕಡೆ ಹೋಗದೆ ಜಗಲಿಯಲ್ಲಿ ಕೂತಳು.

"ಬಾ ನನ್ನವ್ವ. ಒಂದೇ ತುತ್ತು."

ತೃಪ್ತಿ ಬಾಯಿಗೆ ಕೈ ಅಡ್ಡ ಹಿಡಿದು ದೂರ ನಿಂತಳು. ಕಣ್ಣು ಬಟ್ಟಲ ಮೇಲಿತ್ತು, ಗಂಟಲಲ್ಲಿ ಎಂಜಲು ನುಂಗುವುದು ಕಾಣುತ್ತಿತ್ತು.

"ಎಂತದೂ ಆಗಲ್ಲ ಚಿನ್ನ. ಅಜ್ಜಿ ಕೈ ತೊಳ್ಕಂಡಾಳೆ. ನೋಡು ಬೇಕಾರೆ, ಮೊದ್ಲು ಅಜ್ಜೀನೇ ತಿಂತಾಳೆ. ಈಗ ಅಜ್ಜಿ ಪಾಳಿ." ಹುಚ್ಚಮ್ಮ ಒಂದು ತುತ್ತು ಮಾಡಿ ತನ್ನ ಬಾಯಿಗಿಟ್ಟುಕೊಂಡು, ಮಗುವಿಗೆ ಕಾಣುವ ಹಾಗೆ ಅಗಿದಳು.

ಮಗುವಿನ ಮುಖ ಬಿಳುಚಿಕೊಂಡಿತು. ಓಡಿಬಂದು ಅಜ್ಜಿಯ ಕೈಗೆ ಬಾರಿಸಿತು. ಬಟ್ಟಲು ಉರುಳಿ ಅನ್ನ ಜಗಲಿಯ ತುಂಬ ಚೆಲ್ಲಿತು. ತೊಡೆಯ ಮೇಲೆ ಹತ್ತಿ ನಿಂತು, ಅಜ್ಜಿಯ ದವಡೆ ಅದುಮಿ ಹಿಡಿದು, ತನ್ನ ಪುಟ್ಟ ಬೆರಳುಗಳನ್ನು ಅವಳ ಬಾಯೊಳಗೆ ತುರುಕಿತು. "ಉಗುಳು ಅಜ್ಜಿ! ಉಗುಳು! ಉಗುಳು ಅಂದ್ರೆ!" ನಾಲಿಗೆ ಕೆರೆಯಿತು, ವಸಡು ಕೆರೆಯಿತು, ಅಳುತ್ತ ಅಳುತ್ತ ಒಂದೊಂದೇ ಅಗುಳು ಹೆಕ್ಕಿ ಅಂಗಳಕ್ಕೆ ಎಸೆಯಿತು. ಹುಚ್ಚಮ್ಮ ಬಾಯಿ ಅಗಲಿಸಿಕೊಂಡೇ ಕೂತಿದ್ದಳು.

ಇನ್ನೇನೂ ಉಳಿದಿಲ್ಲ ಅಂತ ಖಾತ್ರಿಯಾದ ಮೇಲೆ ತೃಪ್ತಿ ತನ್ನ ಲಂಗದ ಅಂಚಿನಿಂದ ಅಜ್ಜಿಯ ಬಾಯಿ ಒರೆಸಿದಳು. ಕುತ್ತಿಗೆ ತಬ್ಬಿಕೊಂಡು ಬಿಕ್ಕುತ್ತ ಹೇಳಿದಳು:

"ನಿನ್ ಕೈದು ತಿನ್ಬೇಡ ಅಜ್ಜಿ. ನೀನೂ ಸತ್ತೋಗ್ತೀಯ."

ಶೇಷಪ್ಪ ಗದ್ದೆಯಿಂದ ಬಂದಾಗ ಮಗು ಹಸಿದುಕೊಂಡೇ ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಜಗಲಿಯ ಅನ್ನಕ್ಕೆ ಇರುವೆ ಮುತ್ತಿದ್ದವು. "ಎಂತಾತೇ?" ಅಂದ. ಹುಚ್ಚಮ್ಮ ಮಗುವನ್ನು ಒಳಗೆ ಒಯ್ದು ಮಲಗಿಸಿದಳು. ಸಂಜೆ ಅವನೇ ತಟ್ಟೆಗೆ ಬಡಿಸಿ ತಂದು ಅವಳ ಮುಂದಿಟ್ಟು, ಉಣ್ಣು ಅಂದ. ಅವಳು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ತಟ್ಟೆ ತಣ್ಣಗಾಗುವ ತನಕ ಹಾಗೇ ಕೂತಿದ್ದಳು.